ಸ್ಪೈರಲ್ ಬೈಂಡಿಂಗ್ ಬಿಟ್ಟು ವಿಡಿಯೋ ಹಿಡಿದ ವರ್ಷ

ಆ ಪರೀಕ್ಷೆಯ ದಿನ ಕರೆಂಟು ಹೋಗಬಹುದಿತ್ತು. ಕರೆಂಟು ಇದ್ದರೂ ಪ್ರೊಜೆಕ್ಟರಿನ ಬಲ್ಬು ಹೋಗಬಹುದಿತ್ತು. ಬಲ್ಬು ನೆಟ್ಟಗಿದ್ದರೂ ಅದನ್ನು ಲ್ಯಾಪ್‌ಟಾಪಿಗೆ ಜೋಡಿಸುವ ವೈರನ್ನು ಗಣಕ ವಿಭಾಗದವರು ಕಪಾಟಿನಲ್ಲಿಟ್ಟು, ಕಪಾಟಿನ ಕೀಲಿಯನ್ನು ಜೇಬಿನಲ್ಲಿಟ್ಟು, ಆ ಜೇಬನ್ನು ಹೊತ್ತುಕೊಂಡು ಮುಧೋಳದ ಯಾವುದೋ ಮದುವೆಗೆ ಹೋಗಿರಬಹುದಿತ್ತು. ಹುಡುಗರು ಪೆನ್‌ಡ್ರೈವ್‌ನಲ್ಲಿ ತಮ್ಮ ಪ್ರಾಜೆಕ್ಟಿನ ಬದಲು ಅಕ್ಕನ ನಿಶ್ಚಿತಾರ್ಥದ ವಿಡಿಯೋ ತರಬಹುದಿತ್ತು. ಹೊರಗಿನಿಂದ ಬರುವ ಪರೀಕ್ಷಕರು ಲೋಕಾಪುರದಲ್ಲಿ ಚಹಾ ಕುಡಿಯಲು ಇಳಿದು, ಮರಳಿ ಹತ್ತುವಾಗ ಬೇರೆ ಬಸ್ಸು ಹತ್ತಬಹುದಿತ್ತು. ಸರಿಯಾದ ಬಸ್ಸನ್ನೇ ಹತ್ತಿ ಬಂದು, "ಇದೇನು ಪರೀಕ್ಷೆಯೋ ಸಿನಿಮಾ ಟೆಂಟೋ?" ಎಂದು ಕೇಳಿ ಅದೇ ಬಸ್ಸಿಗೆ ಮರಳಬಹುದಿತ್ತು. ವಿಶ್ವವಿದ್ಯಾಲಯದಿಂದ ನನ್ನ ಹೆಸರಿಗೆ ನೋಟಿಸು ಬರಬಹುದಿತ್ತು. ನನ್ನ ವಿದ್ಯಾರ್ಥಿ, ತಿಮ್ಮಾಪುರದ ಬೀರಪ್ಪ, ನಾನು ಬೇಡವೆಂದು ಗೋಗರೆದಿದ್ದರೂ, ತನ್ನ ನಾಯಿಯನ್ನು ಕರೆತರಬಹುದಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ. ಹಾಗಾದರೆ ನೀನು ಅಷ್ಟು ದಿನ ಊಟ ಬಿಟ್ಟು ಚಿಂತೆ ಮಾಡಿದ್ದೆಲ್ಲ ದಂಡ ಎಂದು ನನ್ನ ಯಜಮಾನರು ಹೇಳುತ್ತಾರೆ. ನಾನು ಚಿಂತೆ ಮಾಡಿದ್ದಕ್ಕೇ ಆಗಲಿಲ್ಲ ಎಂಬುದು ನನ್ನ ವಾದ. ನಮ್ಮ ಸಂಸಾರದಲ್ಲಿ ಈ ಪ್ರಕರಣ ಇನ್ನೂ ಇತ್ಯರ್ಥವಾಗಿಲ್ಲ.

ನಾನು ಜಮಖಂಡಿಯಲ್ಲಿ ಹುಟ್ಟಿ, ಬನಹಟ್ಟಿಯ ಮಗ್ಗದ ಮನೆಗೆ ಸೊಸೆಯಾಗಿ ಬಂದವಳು. ಕೆಳಗೆ ಪಾವರ್‌ಲೂಮ್ ಶೆಡ್ಡು, ಮೇಲೆ ನಮ್ಮ ಸಂಸಾರ. ಇಲ್ಲಿನ ಒಂದು ಪದವಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸಿದೆ. ಐವತ್ತು ದಾಟಿದ ಮೇಲೆ ಗಂಟಲು ಕೈಕೊಟ್ಟಿತು. ಡಾಕ್ಟರು "ಇನ್ನು ಮಾತು ಕಡಿಮೆ ಮಾಡಿ" ಎಂದರು. ಮಾತು ಕಡಿಮೆ ಮಾಡಿ ಪಾಠ ಹೇಳುವ ವಿದ್ಯೆ ನನಗೆ ಬಾರದ್ದರಿಂದ ಅವಧಿಗೆ ಮೊದಲೇ ಸ್ವಯಂ ನಿವೃತ್ತಿ ತೆಗೆದುಕೊಂಡೆ. ಈಗ ಕಾಲೇಜಿಗೆ ಹೊಸದಾಗಿ ಸೇರಿದ ಉಪನ್ಯಾಸಕರು ಆಗಾಗ ಮನೆಗೆ ಬಂದು, "ಮೇಡಂ, ನಾವೂ ಪ್ರಬಂಧದ ಬದ್ಲಿ ವಿಡಿಯೋ ಮಾಡಸ್ಬೇಕಂತ ಮಾಡೇವ್ರಿ. ಏನೇನ್ ನೋಡ್ಕೋಬೇಕ್ರಿ?" ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಬಡ್ತಿಗಳ ಸುದ್ದಿ ಇದರಲ್ಲಿಲ್ಲ. ಬಂದಾಗ ಸ್ಟಾಫ್ ರೂಮಿನಲ್ಲಿ ಪೇಢೆ ಹಂಚಿದ್ದೇನೆ, ಅಲ್ಲಿಗೆ ಆ ಸುದ್ದಿ ಮುಗಿಯಿತು.

ಮೊದಲು ಕಾಗದದ ಕಾಲ ಹೇಗಿತ್ತೆಂದು ಹೇಳಬೇಕು. ಕೊನೆಯ ವರ್ಷದ ವಿದ್ಯಾರ್ಥಿಗಳು ತಲಾ ಒಂದು ಸಂಶೋಧನಾ ಪ್ರಬಂಧ ಬರೆದುಕೊಡಬೇಕು. ಹೊರಗಿನ ಪರೀಕ್ಷಕರೊಬ್ಬರು ಬಂದು ಅದನ್ನು ನೋಡಿ, ಎದುರಿಗೆ ಕೂರಿಸಿ ನಾಲ್ಕು ಪ್ರಶ್ನೆ ಕೇಳಿ ಅಂಕ ಕೊಡುತ್ತಾರೆ. ಬರೆಯುವುದು ಎಂದರೆ ನಮ್ಮಲ್ಲಿ ಕಾಲೇಜಿನ ಎದುರಿನ ಝೆರಾಕ್ಸ್ ಅಂಗಡಿಗೆ ಹೋಗುವುದು ಎಂದರ್ಥ. ಅಂಗಡಿಯವನ ಕಂಪ್ಯೂಟರಿನಲ್ಲಿ ತಯಾರಾದ ಪ್ರಬಂಧಗಳಿರುತ್ತಿದ್ದವು. ಹುಡುಗಿಯರು ಸೀರೆ ಅಂಗಡಿಯಲ್ಲಿ ಕೂತಂತೆ ಕೂತು, "ಇದು ಹೋದ ವರ್ಷದ್ದು, ಬ್ಯಾರೆ ತೋರ್ಸ್ರಿ" ಎನ್ನುತ್ತಿದ್ದರು. ಅವನು ಹೆಸರು, ಊರು ಬದಲಿಸಿ, ಸ್ಪೈರಲ್ ಹಾಕಿ, ಮೇಲೊಂದು ಹೊಳೆಯುವ ಪ್ಲಾಸ್ಟಿಕ್ ಹಾಳೆ ಹೊದಿಸಿ ಕೊಡುತ್ತಿದ್ದ. ನಾನು ಸೇರಿದ ಹೊಸತರಲ್ಲಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯರು ಪ್ರಬಂಧವನ್ನು ತೆರೆಯುತ್ತಿರಲಿಲ್ಲ. ಅಂಗೈ ಮೇಲಿಟ್ಟು ಒಮ್ಮೆ ಮೇಲೆ ಕೆಳಗೆ ತೂಗಿ, "ವಜ್ಜ ಐತಿ, ಛಲೋ ಮಾಡ್ಯಾನ" ಎಂದು ಅಂಕ ಹಾಕುತ್ತಿದ್ದರು. ನಾನು ನಿಯತ್ತಿನಿಂದ ಪುಟಪುಟ ಓದಿ ಕೊಟ್ಟ ಅಂಕಕ್ಕೂ ಅವರು ತೂಗಿ ಕೊಟ್ಟ ಅಂಕಕ್ಕೂ ಹೆಚ್ಚು ಅಂತರ ಇರುತ್ತಿರಲಿಲ್ಲ. ಇದು ನನಗೆ ಇವತ್ತಿಗೂ ಅವಮಾನದ ಸಂಗತಿ.

ಓದುವ ಚಟದಿಂದಲೇ ಒಂದು ವರ್ಷ ಸಿಕ್ಕಿಬಿದ್ದೆ. ಬೀಳಗಿ ಕಡೆಯ ಹುಡುಗನೊಬ್ಬನ ಪ್ರಬಂಧ. ನಡುವಿನಲ್ಲಿ ಒಂದು ಸಾಲು: "ಬೀಳಗಿಯ ಕಡಲತೀರದಲ್ಲಿ ಮುಂಜಾನೆ ದೋಣಿಗಳು ಮರಳುವಾಗ ಮಹಿಳೆಯರು ಬುಟ್ಟಿ ಹಿಡಿದು ಕಾಯುತ್ತಾರೆ." ಕರಾವಳಿಯ ಯಾವುದೋ ಪ್ರಬಂಧಕ್ಕೆ ಝೆರಾಕ್ಸ್ ಅಂಗಡಿಯವನು ಹುಡುಗನ ತಾಲೂಕಿನ ಹೆಸರು ಜೋಡಿಸಿದ್ದ. ಹುಡುಗನನ್ನು ಕರೆಸಿದೆ.

"ಬೀಳಗಿಗೆ ಕಡಲು ಯಾವಾಗ ಬಂತೋ?"

ಅವನು ಕಣ್ಣು ಮಿಟುಕಿಸದೆ, "ಹಿನ್ನೀರು ಐತಲ್ರಿ ಮೇಡಂ," ಎಂದ.

"ಹಿನ್ನೀರಿಗೆ ಕಡಲಂತಾರೇನು?"

"ಗಾಳಿ ಬಿಟ್ರ ತೆರಿ ಬರ್ತಾವ್ರಿ. ಖರೇನ ಬರ್ತಾವ್ರಿ. ಬೇಕಾದ್ರ ನೋಡ್ರಿ." ಹಾಗೆಂದವನೇ ಫೋನು ತೆಗೆದು ತೋರಿಸಿದ. ಅವನ ಸೋದರಮಾವ ಹಿನ್ನೀರಿನಲ್ಲಿ ಬಲೆ ಬೀಸುತ್ತಿದ್ದಾನೆ. ಮುಳುಗಿದ ಹಳೆಯ ಊರಿನ ದಿಕ್ಕಿಗೆ ಕೈ ತೋರಿಸಿ, ನಮ್ಮ ಮನೆಯ ಜಾಗದಲ್ಲೇ ಈಗ ಮೀನು ಚೆನ್ನಾಗಿ ಸಿಗುತ್ತದೆ ಎಂದು ನಗುತ್ತಾ ಹೇಳುತ್ತಿದ್ದಾನೆ. ನನಗೆ ಮೈ ಜುಮ್ಮೆಂದಿತು. "ಇದನ್ನ ಯಾಕ ಬರೀಲಿಲ್ಲೋ?" ಎಂದೆ.

"ಇದು ಅಭ್ಯಾಸಕ್ಕ ನಡೀತೈತೇನ್ರಿ ಮೇಡಂ?" ಎಂದು ಅವನು ಪ್ರಾಮಾಣಿಕವಾಗಿ ಕೇಳಿದ.

ಆ ಪ್ರಶ್ನೆ ಹಿಡಿದುಕೊಂಡು ಪ್ರಾಚಾರ್ಯರ ಕೋಣೆಗೆ ಹೋದೆ. ಮುಂದಿನ ವರ್ಷ ಪ್ರಬಂಧದ ಬದಲು ವಿದ್ಯಾರ್ಥಿಗಳಿಂದ ವಿಡಿಯೋ ಮಾಡಿಸೋಣ ಎಂದೆ. ನಮ್ಮ ಪ್ರಾಚಾರ್ಯರು ಒಳ್ಳೆಯವರು. ಸುತ್ತೋಲೆ ಇಲ್ಲದೆ ಛತ್ರಿಯನ್ನೂ ಬಿಚ್ಚುತ್ತಿರಲಿಲ್ಲ, ಅಷ್ಟೇ.

"ಸುತ್ತೋಲಿ ಐತೇನ್ರಿ?"

"ಇಲ್ರಿ ಸರ."

"ಹಂಗಾರ ಬ್ಯಾಡ್ರಿ."

"ಮಾಡಬ್ಯಾಡ ಅಂತ ಸುತ್ತೋಲಿ ಐತೇನ್ರಿ ಸರ?"

ಅವರು ಪೆನ್ನಿನ ಟೊಪ್ಪಿ ತೆಗೆದರು, ಹಾಕಿದರು. ಪಠ್ಯಕ್ರಮದ ಪುಸ್ತಕ ತರಿಸಿ ನೋಡಿದರು. 'ಸಂಶೋಧನಾ ಪ್ರಬಂಧ ಅಥವಾ ಅದಕ್ಕೆ ಸಮನಾದ ಕೆಲಸ' ಎಂದಿತ್ತು. ಸಮ ಹೌದೋ ಅಲ್ಲವೋ ಎಂದು ತೀರ್ಮಾನಿಸುವವರು ಹೊರಗಿನ ಪರೀಕ್ಷಕರು. ಅವರು ಅಲ್ಲವೆಂದರೆ ವಿದ್ಯಾರ್ಥಿ ಆ ವಿಷಯದಲ್ಲಿ ನಪಾಸು, ಮತ್ತೆ ಒಂದು ವರ್ಷ ಕಾಯಬೇಕು.

"ಮಾಡ್ರಿ ಮೇಡಂ. ಆದ್ರ ಈ ಮಾತು ಆಡೋವಾಗ ನಾ ಖೋಲ್ಯಾಗ ಇರ್ಲಿಲ್ಲ," ಎಂದರು.

ನಾನು ತರಗತಿಯಲ್ಲಿ ಎಲ್ಲವನ್ನೂ ಬಿಚ್ಚಿ ಹೇಳಿದೆ. ಬೇಕಾದವರು ಪ್ರಬಂಧ ಬರೆಯಿರಿ, ಅದರಲ್ಲಿ ಅಪಾಯವಿಲ್ಲ, ವಿಡಿಯೋದಲ್ಲಿ ಇದೆ ಎಂದೆ. ಒಬ್ಬರೂ ಪ್ರಬಂಧ ಎನ್ನಲಿಲ್ಲ. ಸಾವಿತ್ರಿಯೂ ಅನ್ನಲಿಲ್ಲ. ಆಕೆಯಾದರೂ ಹೇಳಿದ್ದರೆ ನನ್ನ ಜೀವಕ್ಕೆ ಎಷ್ಟು ನೆಮ್ಮದಿ ಇರುತ್ತಿತ್ತು!

ಸಾವಿತ್ರಿ ನಮ್ಮ ಓಣಿಯ ಆಚೆಯ ಶೆಡ್ಡಿನಲ್ಲಿ ಕೂಲಿಗೆ ಮಗ್ಗ ನಡೆಸುವವರ ಮಗಳು. ತಂದೆ, ತಾಯಿ ಇಬ್ಬರೂ ಅಲ್ಲೇ ದುಡಿಯುತ್ತಿದ್ದರು. ಆಕೆಗೆ ಶಾಲೆಯ ಟೀಚರಾಗಬೇಕು. ಡಿಗ್ರಿ ಒಮ್ಮೆಲೇ ಪಾಸಾದರೆ ಬಿ.ಎಡ್.ಗೆ ಹೋಗಲಿ, ಎಲ್ಲಿಯಾದರೂ ಒಂದು ವಿಷಯ ಉಳಿದರೆ ಅಪ್ಪನ ಪಕ್ಕದ ಜೋಡಿ ಮಗ್ಗಕ್ಕೆ ನಿಲ್ಲಲಿ ಎಂದು ಮನೆಯಲ್ಲಿ ಮಾತಾಗಿತ್ತು. ಮಗ್ಗದ ಮಾಲಕರು ಆ ಜೋಡಿಯನ್ನು ಬೇರೆಯವರಿಗೆ ಕೊಡದೆ ಈಕೆಗಾಗಿ ಕಾದಿರಿಸಿದ್ದರು. ಉಳಿದ ವಿಷಯಗಳಲ್ಲಿ ಆಕೆ ಗಟ್ಟಿ. ಉಳಿದಿದ್ದದ್ದು ನಾನು ಪಣಕ್ಕೆ ಹಚ್ಚಿದ ಈ ಒಂದು ವಿಷಯ.

"ಸಾವಿತ್ರಿ, ನೀ ಪ್ರಬಂಧ ಬರಿಯವ್ವ. ನಿನ್ನ ಅಕ್ಷರ ಛಂದ ಅದಾವ," ಎಂದು ಕರೆದು ಹೇಳಿದೆ.

"ಮೇಡಂ, ನೀವs ಹೇಳಿ ನೀವs ಹೆದರಿದ್ರ ಹ್ಯಾಂಗ್ರಿ?" ಎಂದಳು. ನಾನು ಪಟ್ಟಿಯಲ್ಲಿ ಆಕೆಯ ಹೆಸರಿನ ಎದುರಿಗೆ ‘ವಿಡಿಯೋ’ ಎಂದು ಬರೆದುಕೊಂಡೆ.

ಆ ವರ್ಷದ ಗಮ್ಮತ್ತನ್ನು ಏನು ಹೇಳಲಿ! ಹೊಸಬರೇ, ವಿಡಿಯೋ ಎಂದರೆ ಹುಡುಗರಿಗೆ ಕೆಲಸ ಕಡಿಮೆ ಎಂದು ಯಾರಾದರೂ ಅಂದರೆ ಅವರನ್ನು ಒಮ್ಮೆ ಸಾವಳಗಿ ಬಸ್ಸಿಗೆ ಹತ್ತಿಸಿ. ಅಲ್ಲಿಂದ ಬರುವ ಇಬ್ಬರು ಹುಡುಗಿಯರು ಬಸ್ಸಿನಲ್ಲಿ ಓಡಾಡುವ ಹೆಣ್ಣುಮಕ್ಕಳ ಬಗ್ಗೆ ವಿಡಿಯೋ ಹಿಡಿದರು. ಮೊದಲ ದಿನ ಫೋನು ಎತ್ತಿದ ಕೂಡಲೇ ಕಂಡಕ್ಟರು ಇವರನ್ನು ಇಲಾಖೆಯ ಕಡೆಯವರೆಂದು ತಿಳಿದು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಎಲ್ಲರಿಗೂ "ಬರ್ರಿ ಅವ್ವಾರ, ಕುಂದರ್ರಿ ಅಕ್ಕಾರ" ಎನ್ನತೊಡಗಿದ. ದಿನಾ ಅದೇ ಬಸ್ಸಿಗೆ ಬರುವ ಮುದುಕಿಯೊಬ್ಬಳು ಗಾಬರಿಯಾಗಿ, "ಯಾಕೋ ತಮ್ಮಾ, ಆರಾಮಿಲ್ಲೇನು?" ಎಂದು ಅವನ ಹಣೆ ಮುಟ್ಟಿ ನೋಡಿದಳು. ಅದೆಲ್ಲ ವಿಡಿಯೋದಲ್ಲಿದೆ. ಇವರು ವಿದ್ಯಾರ್ಥಿಗಳೆಂದು ಅವನಿಗೆ ತಿಳಿದ ಮರುದಿನದ ಬಸ್ಸೂ ಇದೆ. ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದ್ದರು. ಕ್ಯಾಮೆರಾ ಎದುರಿಗಿದ್ದರೆ ಜನ ಹೇಗೆ ಬದಲಾಗುತ್ತಾರೆಂಬ ಪಾಠವನ್ನು ನಾನು ವರ್ಷಗಟ್ಟಲೆ ಹಲಗೆಯ ಮೇಲೆ ಬರೆದು ಒರೆಸಿದ್ದೆ. ಆ ಕಂಡಕ್ಟರು ಒಂದೇ ಟ್ರಿಪ್ಪಿನಲ್ಲಿ ಕಲಿಸಿದ.

ಬೀರಪ್ಪನ ವಿಷಯ ಮುಧೋಳ ನಾಯಿ. ಅವನದು ಕುರಿ ಸಾಕುವ ಮನೆ. ನಾಯಿ ಹೇಗೆ ಓಡುತ್ತದೆಂದು ತೋರಿಸಬೇಕೆಂಬುದು ಅವನ ಹಟ. ತಂದದ್ದನ್ನು ನೋಡಿದರೆ ಬರೀ ಜೋಳದ ಹೊಲ. ಒಮ್ಮೆ ಧೂಳು. ಮತ್ತೆ ಹೊಲ. "ನಾಯಿ ಎಲ್ಲೋ?" ಎಂದೆ. "ಈಗ ಹೋತಲ್ರಿ ಮೇಡಂ!" ಎಂದ. ಅವನು ಫೋನು ತಿರುಗಿಸುವಷ್ಟರಲ್ಲಿ ನಾಯಿ ಚಿತ್ರದ ಹೊರಗೆ ಹೋಗಿರುತ್ತಿತ್ತು. ಪಾಪ, ವಾರಗಟ್ಟಲೆ ಹೀಗೆಯೇ ಹೊಲದ ವಿಡಿಯೋ ತಂದ. ಕೊನೆಗೆ ಅವನ ಅಜ್ಜ, ಎಲ್ಲರ ಮುತ್ಯಾ, "ಲೇ, ಓಡೋದನ್ನ ಹಿಡೀಬ್ಯಾಡಲೇ, ಅದು ಕುರಿ ನಡುವ ನಿಂತಿದ್ದನ್ನ ಹಿಡಿ" ಎಂದು ಬೈದ ಮೇಲೆ ವಿಡಿಯೋ ಒಂದು ಹದಕ್ಕೆ ಬಂತು. ಆದರೂ ಮೊದಲಿನ ಖಾಲಿ ಹೊಲವನ್ನು ಅವನು ತೆಗೆಯಲಿಲ್ಲ. "ಅದೂ ನಾಯೀದs ಐತ್ರಿ," ಎಂದು ವಾದ ಮಾಡಿ ಗೆದ್ದ.

ಸಾವಿತ್ರಿಯ ವಿಷಯ ಮಗ್ಗದ ಶೆಡ್ಡಿನ ಹೆಣ್ಣುಮಕ್ಕಳ ದುಡಿಮೆ. ಮುಗಿಸಿ ತಂದು ಸ್ಟಾಫ್ ರೂಮಿನಲ್ಲಿ ಫೋನಿನಲ್ಲೇ ತೋರಿಸಿದಳು. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಆ ವರ್ಷ ನೋಡಿರಲಿಲ್ಲ. ಲಾಳಿ ಅತ್ತಿಂದಿತ್ತ ಓಡುತ್ತಿರುವಾಗ ಒಬ್ಬೊಬ್ಬರೇ ತಮ್ಮ ಮಾತು ಹೇಳುತ್ತಾರೆ. ಎಲ್ಲಿಯೂ ಎಳೆದಾಟವಿಲ್ಲ, ಅಳು ತರಿಸುವ ಸಂಗೀತವಿಲ್ಲ. ನಾನು ಎರಡು ಸಲ ನೋಡಿ, ಒಂದೇ ಒಂದು ತಿದ್ದುಪಡಿ ಹೇಳಿದೆ: ಶುರುವಿನಲ್ಲಿ ನಿನ್ನ ಹೆಸರು ಸಣ್ಣದಾಗಿ ಬಂದಿದೆ, ದೊಡ್ಡದು ಮಾಡು. ಚಿಂತೆ ಮಾಡುವುದರಲ್ಲಿ ಇಡೀ ತಾಲೂಕಿನಲ್ಲಿ ನನಗೆ ಸಮಾನರಿಲ್ಲ. ಅಂಥ ನಾನೂ ಆ ವಿಡಿಯೋದ ಬಗ್ಗೆ ಮಾತ್ರ ನಿಶ್ಚಿಂತಳಾದೆ.

ಪರೀಕ್ಷೆಯ ದಿನ ಒಂದು ಧೈರ್ಯ ಮಾಡಿದ್ದೆ. ವಿಡಿಯೋಗಳಲ್ಲಿ ಕಾಣಿಸಿಕೊಂಡವರನ್ನೂ ಅವರ ಜೊತೆಗಾರರನ್ನೂ ನೋಡಲು ಬರುವಂತೆ ಕರೆದಿದ್ದೆ. ನಮ್ಮನ್ನು ಫೋನಿನಲ್ಲಿ ತುಂಬಿಕೊಂಡು ಹೋದವರು ಏನು ಮಾಡಿದರೆಂದು ಅವರಿಗೂ ಗೊತ್ತಾಗಬೇಕಲ್ಲ. ಬೀರಪ್ಪನ ಮುತ್ಯಾ ರುಮಾಲು ಸುತ್ತಿಕೊಂಡು ಬಂದಿದ್ದ. ಮಗ್ಗದ ಶೆಡ್ಡಿನಿಂದ ಸಾವಿತ್ರಿಯ ತಾಯಿ ಕಲ್ಲವ್ವ, ಆಕೆಯ ಪಕ್ಕದ ಮಗ್ಗದ ಗಂಗವ್ವ, ಇನ್ನೂ ಕೆಲವರು ತಲೆಗೂದಲಲ್ಲಿ ನೂಲಿನ ಧೂಳು ಇದ್ದಂತೆಯೇ ಬಂದು ಹಿಂದಿನ ಸಾಲಿನಲ್ಲಿ ಕೂತರು. ಪ್ರಾಚಾರ್ಯರು ಬಾಗಿಲಲ್ಲಿ ಇಣುಕಿ, "ಇವ್ರಿಗೆಲ್ಲ ಸುತ್ತೋಲಿ…" ಎಂದು ಶುರು ಮಾಡಿ, ಗಂಗವ್ವನ ಮುಖ ನೋಡಿ ಮಾತು ನುಂಗಿ ಹೋದರು.

ಪರೀಕ್ಷಕರು ಮೈಸೂರು ಕಡೆಯವರು. ತೆಳ್ಳಗೆ, ಎತ್ತರಕ್ಕೆ, ಮಾತು ಕಡಿಮೆ. ಸಾವಳಗಿ ಬಸ್ಸು ನೋಡಿ ಒಮ್ಮೆ ನಕ್ಕರು. ಖಾಲಿ ಹೊಲ ನೋಡಿ ಕನ್ನಡಕ ಒರೆಸಿಕೊಂಡರು, ಆದರೆ ಮುತ್ಯಾನನ್ನು ಕರೆದು ಕುರಿಗಳ ಬಗ್ಗೆ ಎರಡು ಮಾತು ಕೇಳಿದರು. ಸಮನಾದ ಕೆಲಸ ಹೌದೋ ಅಲ್ಲವೋ ಎಂದು ಮಾತ್ರ ಬಾಯಿ ಬಿಡಲಿಲ್ಲ. ನನ್ನ ಅಂಗೈ ಬೆವರುತ್ತಿತ್ತು.

ಆಮೇಲೆ ಸಾವಿತ್ರಿ. ಹೆಸರು ದೊಡ್ಡದಾಗಿ ಬಂತು. ಪರದೆಯ ಮೇಲೆ ಶೆಡ್ಡು ತೆರೆದುಕೊಂಡಿತು. ಪರೀಕ್ಷಕರು ಸ್ವಲ್ಪ ಹೊತ್ತು ನೋಡಿ, "ಏನಮ್ಮ, ವಾಯ್ಸ್ ಬರ್ತಾನೇ ಇಲ್ವಲ್ಲ?" ಎಂದರು.

ಬೀರಪ್ಪ ಓಡಿಹೋಗಿ ಸ್ಪೀಕರಿನ ಸೌಂಡು ಏರಿಸಿದ. ಇಡೀ ಸಭಾಗೃಹಕ್ಕೆ ಮಗ್ಗದ ಸಪ್ಪಳ ನುಗ್ಗಿತು. ಕಿಟಕಿಯ ಗಾಜು ನಡುಗಿತು. ಪರೀಕ್ಷಕರು ಎರಡೂ ಕಿವಿ ಮುಚ್ಚಿಕೊಂಡು, "ಮಷೀನ್ ಅಲ್ಲಪ್ಪ, ಮಾತು! ಮಾತು ಎಲ್ಲಿ?" ಎಂದು ಕೂಗಿದರು.

"ಮಾತಾಡಾಕತ್ತಾರಲ್ರಿ ಸರ," ಎಂದಳು ಸಾವಿತ್ರಿ, ಪರದೆಯ ಕಡೆ ಕೈ ತೋರಿಸಿ.

ನಾನೂ ಅದನ್ನೇ ಹೇಳಲು ಬಾಯಿ ತೆರೆದಿದ್ದೆ. ತೆರೆದ ಬಾಯಿ ಹಾಗೆಯೇ ಉಳಿಯಿತು.

ಮಗ್ಗದ ಶೆಡ್ಡಿನಲ್ಲಿ ಬೆಳೆದವರು ಹೇಗೆ ಮಾತಾಡುತ್ತಾರೆಂದು ಹೊರಗಿನವರಿಗೆ ಹೇಳಬೇಕು. ಆ ಸಪ್ಪಳದಲ್ಲಿ ಕಿವಿಗೆ ಕೆಲಸವಿಲ್ಲ. ತುಟಿ ನೋಡಿ, ಹುಬ್ಬು ನೋಡಿ, ಬೆರಳು ನೋಡಿ ಮಾತು ತಿಳಿಯುತ್ತದೆ. ಧ್ವನಿ ಹೊರಡಿಸುವ ಗೋಜಿಗೂ ಯಾರೂ ಹೋಗುವುದಿಲ್ಲ. ನಾಲ್ಕು ಮಗ್ಗ ಆಚೆ ನಿಂತವಳ ಜೊತೆ ಮಗಳ ಸಂಬಂಧದ ಮಾತುಕತೆ ಪೂರಾ ಮುಗಿಸಬಹುದು. ಸಾವಿತ್ರಿ ಹುಟ್ಟಿದ್ದೇ ಅಲ್ಲಿ. ನಾನು ಸೊಸೆಯಾಗಿ ಬಂದು ಕಲಿತವಳು. ನಾವಿಬ್ಬರೂ ಆ ವಿಡಿಯೋವನ್ನು ಅಷ್ಟು ಸಲ ನೋಡಿ, ಅದರಲ್ಲಿ ಒಂದು ಶಬ್ದವೂ ಕೇಳಿಸುವುದಿಲ್ಲ ಎಂಬುದನ್ನು ಗಮನಿಸಿರಲಿಲ್ಲ. ನಮಗೆ ಎಲ್ಲವೂ ಸ್ಪಷ್ಟವಾಗಿ ಕೇಳಿಸಿತ್ತು!

ಪರೀಕ್ಷಕರು ಪೆನ್ನು ಕೆಳಗಿಟ್ಟರು. "ಮೇಡಂ, ನಾನು ಕಲ್ಲು ಮನಸ್ಸಿನವನಲ್ಲ. ಆದ್ರೆ ಸಂದರ್ಶನದಲ್ಲಿ ಒಂದು ಮಾತೂ ಇಲ್ಲ ಅಂದ್ರೆ ನಾನು ಯಾವುದಕ್ಕೆ ಅಂಕ ಕೊಡ್ಲಿ? ಇದನ್ನ ಪ್ರಬಂಧಕ್ಕೆ ಸಮ ಅಂತ ಹ್ಯಾಗೆ ಬರೀಲಿ?"

ಸಾವಿತ್ರಿ ನನ್ನ ಕಡೆ ನೋಡಿದಳು. ನನ್ನ ಕಣ್ಣೆದುರು ಆ ಜೋಡಿ ಮಗ್ಗ ಬಂದು ನಿಂತಿತು.

ಆಗ ಹಿಂದಿನ ಸಾಲಿನಿಂದ ಕಲ್ಲವ್ವ ಎದ್ದಳು. "ಸಾಹೇಬ್ರ, ತಡೀರಿ. ಕೇಳ್ಸೂದಿಲ್ಲ ಅಂದ್ರ ಅಷ್ಟs ಹೌದಿಲ್ಲೋ? ಅವ್ರು ಏನಂದ್ರು ನಾ ಹೇಳ್ತೇನಿ. ಏ ಬೀರ್ಯಾ, ಆ ಸಪ್ಪಳ ಬಂದ್ ಮಾಡಿ ಮೊದ್ಲಿಂದ ಹಚ್ಚು."

ಹಚ್ಚಿದ. ಪರದೆಯ ಮೇಲೆ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವ ಅಜ್ಜಿಯೊಬ್ಬಳು ತೊಟ್ಟಿಲಿನ ಪಕ್ಕ ಕೂತು ತುಟಿ ಆಡಿಸುತ್ತಿದ್ದಾಳೆ. ಕಲ್ಲವ್ವ ಪರದೆಯ ಪಕ್ಕ ನಿಂತು ಸೆರಗು ಸರಿಮಾಡಿಕೊಂಡು, ಅಜ್ಜಿಯ ಧ್ವನಿಯನ್ನೇ ತಂದುಕೊಂಡು ಶುರು ಮಾಡಿದಳು: "ಲೂಮ್ ನಡ್ಯಾಕತ್ತಿದ್ರ ಕೂಸು ನಿದ್ದಿ ಮಾಡ್ತೈತಿ. ಕರೆಂಟ್ ಹೋತಂದ್ರ ಎದ್ದು ಚೀರ್ತೈತಿ. ಸುಮ್ಮನಾದ್ರ ಅಂಜ್ತಾವ ನಮ್ಮ ಕೂಸುಗೋಳು. ಆ ಕಡೆ ಕೂಸು ಚೀರ್ತೈತಿ, ಈ ಕಡೆ ಮಾಲಕರು ಚೀರ್ತಾರ. ಇಬ್ರನ್ನೂ ಸಮಾಧಾನ ಮಾಡೂದು ನಾನs."

ಸಭಾಗೃಹ ನಕ್ಕಿತು. ಪರೀಕ್ಷಕರು ನಗಲಿಲ್ಲ. "ಅಮ್ಮ, ನೀವು ಈ ಹುಡುಗಿಯ ತಾಯಿ ಅಲ್ವಾ?"

"ಹೌದ್ರಿ."

"ಮಗಳಿಗೆ ಅನುಕೂಲ ಆಗೋ ಹಾಗೆ ನೀವೇ ಹೊಸೆದು ಹೇಳ್ತಿಲ್ಲ ಅಂತ ನಾನು ನಂಬೋದು ಹ್ಯಾಗೆ?"

ಸರಿಯಾದ ಪ್ರಶ್ನೆ. ಸಂಶೋಧನೆಯಲ್ಲಿ ಕೇಳಲೇಬೇಕಾದ ಪ್ರಶ್ನೆ. ಆದರೂ ನನಗೆ ಅವರ ಮೇಲೆ ಸಿಟ್ಟು ಬಂತು. ಕಲ್ಲವ್ವನಿಗೆ ಬರಲಿಲ್ಲ. "ನನ್ನ ಹೊರಗ ಕಳ್ಸ್ರಿ. ಅಲ್ಲಿ ಗಂಗವ್ವ ಕುಂತಾಳಲ್ಲ, ಈ ಅಜ್ಜೀ ವಿಡಿಯೋ ತಗದ ದಿನ ಆಕಿ ಊರಾಗs ಇರ್ಲಿಲ್ಲ. ಆಕೀನ ಕೇಳ್ರಿ," ಎಂದಳು. ಗಂಗವ್ವ ಅಲ್ಲಿಂದಲೇ, "ನಾ ಏನ್ ಕದ್ದ ಕೇಳ್ಸಿಕೊಂಡಿಲ್ರಿ, ಈ ಮುತ್ಯಾನ ಕುರಿ ಸುದ್ದಿ ಕೇಳ್ಕೋತ ಕುಂತಿದ್ನಿ," ಎಂದಳು. ಅದು ನಿಜ. ಇಬ್ಬರೂ ಅಷ್ಟು ಹೊತ್ತು ಗುಸುಗುಸು ಹಚ್ಚಿದ್ದನ್ನು ನಾನು ನೋಡಿ ಹಲ್ಲು ಕಡಿದಿದ್ದೆ.

ಪರೀಕ್ಷಕರು ಒಪ್ಪಿದರು. ಕಲ್ಲವ್ವ ಹೊರಗೆ ಹೋದಳು. ಅದೇ ಭಾಗವನ್ನು ಮತ್ತೆ ಹಚ್ಚಿದರು. ಗಂಗವ್ವ ಮುಂದೆ ಬಂದು, ಸೊಂಟದ ಮೇಲೆ ಕೈಯಿಟ್ಟು, ಪರದೆಯ ಅಜ್ಜಿಯನ್ನು ಜಗಳಕ್ಕೆ ಕರೆಯುವವಳಂತೆ ನೋಡಿದಳು. ನಾನು ದೇವರನ್ನು ನೆನೆಯುವುದನ್ನು ಬಿಟ್ಟು ಅಜ್ಜಿಯ ತುಟಿಯನ್ನೇ ನೋಡುತ್ತಿದ್ದೆ.

"ಲೂಮ್ ನಡದಾಗ ಕೂಸು ಮಕ್ಕೊಂತೈತಿ ಅಂತಾಳ್ರಿ. ಕರೆಂಟ್ ಹೋದ್ರ ಎದ್ದು ಚೀರ್ತೈತಂತ. ಸುಮ್ಮನಾದ್ರ ಅಂಜ್ತಾವಂತ. ಕೂಸೂ ಚೀರ್ತೈತಿ, ಆ ಡೊಳ್ಳಹೊಟ್ಟಿನೂ ಚೀರ್ತೈತಿ, ಇಬ್ರನ್ನೂ ನಾನs ಸಮಾಧಾನ ಮಾಡ್ಬೇಕು ಅಂತಾಳ್ರಿ."

ಪರೀಕ್ಷಕರು ಕಲ್ಲವ್ವನನ್ನು ಒಳಗೆ ಕರೆಸಿದರು. "ಎಲ್ಲ ಸರಿ ಹೋಯ್ತಮ್ಮ. ಡೊಳ್ಳು ಹೊಟ್ಟೆ ಒಂದು ಬಿಟ್ಟಿದ್ರಿ."

ಕಲ್ಲವ್ವ ನಾಲಿಗೆ ಕಚ್ಚಿಕೊಂಡಳು. "ದೊಡ್ಡವ್ರ ಮುಂದ ಹ್ಯಾಂಗ ಹೇಳೂದ್ರಿ? ಅದಕs ಮಾಲಕರು ಅಂದೇನಿ."

ಆ ಶಬ್ದ ನನಗೂ ಗೊತ್ತಿತ್ತು. ಕಲ್ಲವ್ವ ಅದನ್ನು ಬಿಟ್ಟಾಗ ನಾನು ಸಮಾಧಾನದ ಉಸಿರು ಬಿಟ್ಟಿದ್ದೆ. ಆದರೆ ಪರೀಕ್ಷಕರನ್ನು ಗೆದ್ದದ್ದು ಆ ಡೊಳ್ಳುಹೊಟ್ಟೆಯೇ. ಮೊದಲ ಬಾರಿ ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಬಾಯಿ ತುಂಬ ನಕ್ಕರು. "ಪೂರ್ತಿ ನೋಡೋಣ. ಅಮ್ಮ, ನೀವು ಇಲ್ಲೇ ಕೂತ್ಕೊಳ್ಳಿ. ಏನನ್ನೂ ಬಿಡಬೇಡಿ," ಎಂದು ತಮ್ಮ ಎದುರಿನ ಕುರ್ಚಿ ತೋರಿಸಿದರು. ಅದು ಪರೀಕ್ಷೆಗೆ ಬಂದ ವಿದ್ಯಾರ್ಥಿ ಕೂರುವ ಕುರ್ಚಿ. ಕಲ್ಲವ್ವ ಕೂತಳು. ಸಾವಿತ್ರಿ ಪಕ್ಕದಲ್ಲಿ ನಿಂತಳು.

ಆಮೇಲಿನದು ಪರೀಕ್ಷೆ ಅಲ್ಲ, ಹಬ್ಬ. ಕಲ್ಲವ್ವ ಒಬ್ಬೊಬ್ಬರಿಗೂ ಅವರವರ ಧ್ವನಿ ಕೊಟ್ಟಳು. ಮೂಗಿನಲ್ಲಿ ಮಾತಾಡುವವಳಿಗೆ ಮೂಗು, ತಡವರಿಸುವವಳಿಗೆ ತಡವರಿಕೆ. ಬಾಗಿಲಲ್ಲಿ ಪ್ರಾಚಾರ್ಯರು ಬಂದು ನಿಂತರು, ಆಮೇಲೆ ಕೂತರು. ಒಂದು ಕಡೆ ಮುಂದಿನ ಹೆಂಗಸು ಮೊಣಕಾಲು ನೋವಿನ ಮಾತು ಹೇಳುತ್ತಿರುವಾಗ, ದೂರದಲ್ಲಿ ಹಿಂದೆ ಗಂಗವ್ವ ಇನ್ನೊಬ್ಬಳಿಗೆ ಏನೋ ಹೇಳಿ ನಗುತ್ತಿದ್ದಳು. ಫೋನಿನಲ್ಲಿ ಅದು ಬೆರಳ ತುದಿಯಷ್ಟಿತ್ತು, ನನಗೆ ಕಂಡಿರಲಿಲ್ಲ. ಇಲ್ಲಿ ಪರದೆಯಲ್ಲಿ ಆಳೆತ್ತರ.

"ಹಿಂದೆ ಇರೋರು ಏನಂತಾರೆ?" ಎಂದರು ಪರೀಕ್ಷಕರು.

ಕಲ್ಲವ್ವ ಹಿಂದೆ ತಿರುಗಿ ನೋಡಿ, "ಅದು ಬ್ಯಾಡ್ರಿ. ಆಕಿ ಇಲ್ಲೇ ಕುಂತಾಳ," ಎಂದಳು.

"ಹೇಳs ಕಲ್ಲವ್ವ," ಎಂದಳು ಗಂಗವ್ವ, "ಅಂದಿದ್ದ ಅಂದೇನಿ, ಯಾರಿಗಿ ಹೆದರ್ಲಿ?"

"‘ಈಕೀ ಮೇಡಂನ ನೋಡಿಯೇನು, ಹಗಲೆಲ್ಲ ಗಾಬರ್ಯಾಗಿ ತಿರಗ್ತಾಳ. ಪರೀಕ್ಷಾ ಹುಡಗೀದೋ ಆಕೀದೋ’ ಅಂತಾಳ್ರಿ."

ನಗು ಎಲ್ಲಿಂದ ಶುರುವಾಯಿತೋ, ನಾನೂ ಅದರಲ್ಲಿ ಸೇರಿಕೊಂಡೆ. ಪ್ರಾಚಾರ್ಯರು ಮಾತ್ರ ಗಂಭೀರವಾಗಿ, "ಸರಿಯಾಗಿ ಗುರ್ತಿಸ್ಯಾಳ," ಎಂದರು.

ವಿಡಿಯೋ ಮುಗಿಯಿತು. ಪರೀಕ್ಷಕರು ಸಾವಿತ್ರಿಯ ಕಡೆ ತಿರುಗಿದರು. "ಇದನ್ನೆಲ್ಲ ಮಾಡಿ ನೀವು ಕಂಡುಕೊಂಡಿದ್ದು ಏನಮ್ಮ?"

ಬಾಯಿಪಾಠ ಮಾಡಿಕೊಂಡು ಬಂದ ಉತ್ತರವೊಂದಿತ್ತು; ಅದನ್ನು ನಾನೇ ತಿದ್ದಿ ಕೊಟ್ಟಿದ್ದೆ. ಆಕೆ ಅದನ್ನು ಹೇಳಲಿಲ್ಲ. "ಸರ, ನಾ ವಿಷಯಾನ ತಪ್ಪ ಬರ್ದೇನ್ರಿ. ದುಡಿಮಿ ಅಂತ ಬರ್ದೇನಿ. ಇವತ್ತ ಇಲ್ಲಿ ಬಂದ ಮ್ಯಾಲ ತಿಳೀತು, ನಮ್ಮ ಮಾತು ಹೊರಗಿನವ್ರಿಗೆ ಕೇಳ್ಸೂದಿಲ್ಲ ಅಂತ. ನನಗ ಇಷ್ಟ ದಿನ ಅದು ಗೊತ್ತs ಇರ್ಲಿಲ್ಲ. ಮತ್ತೊಮ್ಮೆ ಮಾಡು ಅಂದ್ರ ಆ ಮಾತಿನ ಮ್ಯಾಲ ಮಾಡ್ತೇನ್ರಿ."

ಪರೀಕ್ಷಕರು ಅಂಕದ ಹಾಳೆ ಎಳೆದುಕೊಂಡು ಬರೆದರು. ಬರೆಯುತ್ತಲೇ ಹೇಳಿದರು: "ಮತ್ತೊಮ್ಮೆ ಮಾಡೋದು ಬೇಡಮ್ಮ. ಪ್ರಬಂಧಕ್ಕೆ ಸಮ ಅಲ್ಲ ಇದು. ನಾನು ಓದಿರೋ ಪ್ರಬಂಧಗಳಿಗೆ ಇದನ್ನ ಸಮ ಅಂದ್ರೆ ಇದಕ್ಕೆ ಅವಮಾನ. ಬಿ.ಎಡ್. ಅರ್ಜಿ ಹಾಕಿ. ಎಲ್ಲರದ್ದೂ ಪಾಸು ಮೇಡಂ, ಇವರದ್ದು ಎಲ್ಲಕ್ಕಿಂತ ಮೇಲೆ."

ಬೀರಪ್ಪ ಸಿಳ್ಳೆ ಹಾಕಿದ. ಮುತ್ಯಾ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. ಸಾವಿತ್ರಿ ಓಡಿ ಬಂದು ನನ್ನ ಕೈ ಹಿಡಿದಳು. ಆಕೆಯ ಅಂಗೈ ನನ್ನದಕ್ಕಿಂತ ಹೆಚ್ಚು ಬೆವತಿತ್ತು. ಗಂಗವ್ವ ಎಲ್ಲರಿಗೂ ಕೇಳಿಸುವಂತೆ, "ಆ ಜೋಡಿ ಮಗ್ಗಕ್ಕ ಬ್ಯಾರೆ ಯಾರನ್ನರ ನೋಡ್ಕೋ ಅಂತ ಡೊಳ್ಳಹೊಟ್ಟಿಗಿ ನಾ ಹೇಳ್ತೇನಿ," ಎಂದಳು. ಚಹಾ ಬಂತು, ಚುರುಮುರಿ ಬಂತು, ಎಲ್ಲರೂ ಒಮ್ಮೆಲೇ ಮಾತಾಡತೊಡಗಿದರು.

ಆ ಗದ್ದಲದಲ್ಲೇ ನಮ್ಮ ಸಿಪಾಯಿ ಹಾಜರಿ ಹಾಳೆ ಹಿಡಿದು ವಿದ್ಯಾರ್ಥಿಗಳ ಸಹಿ ಹಾಕಿಸಿಕೊಳ್ಳುತ್ತ ಬಂದ. ಅವನ ವಾಡಿಕೆಯೆಂದರೆ ಮುಖ ನೋಡುವುದಲ್ಲ, ಕುರ್ಚಿ ನೋಡುವುದು. ವಿದ್ಯಾರ್ಥಿಯ ಕುರ್ಚಿಯಲ್ಲಿ ಕೂತವರ ಮುಂದೆ ಹಾಳೆಯಿಟ್ಟು, ಪೆನ್ನು ಕೊಟ್ಟು, ಬೆರಳಿನಿಂದ ಜಾಗ ತೋರಿಸಿದ. ನಾನು ತಿರುಗಿ ನೋಡುವ ಹೊತ್ತಿಗೆ ಸಾವಿತ್ರಿಯ ಹೆಸರಿನ ಎದುರಿಗೆ ಕಲ್ಲವ್ವ ತನ್ನ ಹೆಸರಿನ ಕೊನೆಯ ಒತ್ತಕ್ಷರ ಇಳಿಸುತ್ತಿದ್ದಳು.

ಪ್ರಾಚಾರ್ಯರೂ ಅದನ್ನು ಕಂಡರು. ಚಹಾದ ಕಪ್ಪನ್ನು ಅಲ್ಲೇ ಇಟ್ಟು ಓಡಿ ಬಂದರು. ಆ ಹಾಳೆಗೆ ಎರಡನೆಯ ಪ್ರತಿ ಇಲ್ಲ, ಹೊಡೆದು ಹಾಕುವಂತಿಲ್ಲ, ಬಿಳಿ ಹಚ್ಚುವಂತಿಲ್ಲ. ಇದಕ್ಕೆ ಸುತ್ತೋಲೆ ಇತ್ತು. ಸಿಪಾಯಿ ಬಿಳಿಚಿಕೊಂಡ. ಪರೀಕ್ಷಕರು ಹಾಳೆ ನೋಡಿ, ನನ್ನನ್ನು ನೋಡಿ, ಮತ್ತೆ ಹಾಳೆ ನೋಡಿದರು. ನಾವೆಲ್ಲ ಸುತ್ತ ನಿಂತು ಆ ಸಹಿಯನ್ನೇ ನೋಡುತ್ತಿದ್ದೇವೆಂದು ಕಲ್ಲವ್ವನಿಗೆ ಸಂಕೋಚವಾಯಿತು. ಆಕೆಯೂ ಬಗ್ಗಿ ನೋಡಿ, ಸೆರಗಿನಿಂದ ಪೆನ್ನು ಒರೆಸಿದಳು.

"ಕಡೀ ಅಕ್ಷರ ಸೊಟ್ಟ ಆತ್ರಿ," ಎಂದಳು. "ಇನ್ನೊಂದ್ ಹಾಳಿ ಇದ್ರ ಕೊಡ್ರಿ, ಛಂದಂಗ ಹಾಕ್ತೇನಿ."